ತಮ್ಮನನ್ನು ಕೇಳದೆ ಬಿಟ್ಟ ಪ್ರಶ್ನೆ

ಹೊಸದಾಗಿ ಕೆಲಸಕ್ಕೆ ಸೇರಿದವರನ್ನೆಲ್ಲ ಎದುರಿಗೆ ಕೂರಿಸಿಕೊಂಡು ನಾನು ಕೇಳುವ ಒಂದು ಪ್ರಶ್ನೆಯನ್ನು ನನ್ನ ತಮ್ಮನಿಗೆ ಕೇಳಲಿಲ್ಲ. ಮರೆತು ಬಿಟ್ಟದ್ದಲ್ಲ. ಒಡಹುಟ್ಟಿದವನನ್ನು ಹೊರಗಿನವನ ಹಾಗೆ ಕೂರಿಸಿ ಏನು ಕೇಳುವುದು ಎಂದುಕೊಂಡು ಉತ್ತರವನ್ನು ನಾನೇ ಬರೆದುಬಿಟ್ಟೆ. ಆ ಉತ್ತರ ಸರಿಯಿಲ್ಲ ಎಂದು ಗೊತ್ತಾದ ಮೇಲಾದರೂ ಕೇಳಬಹುದಿತ್ತು. ಆಗಲೂ ಕೇಳಲಿಲ್ಲ. ಕೇಳುವ ಬದಲು ಅವನ ಮೇಲೆ ಕಣ್ಣಿಟ್ಟೆ.

ಐರ್ಲೆಂಡಿನ ಸಿಟಿವೆಸ್ಟ್‌ನಲ್ಲಿ ಗೋದಾಮುಗಳ ಸಾಲಿನ ಕೊನೆಗೆ ನಮ್ಮ ಅಡುಗೆಮನೆ ಇದೆ. ಬೆಳಗ್ಗೆ ಚಪಾತಿ, ಪಲ್ಯ, ಸಾರು, ಚಿತ್ರಾನ್ನ ಮಾಡಿ ಡಬ್ಬಿಗೆ ತುಂಬಿದರೆ ವ್ಯಾನು ಅದನ್ನು ಗ್ರ್ಯಾಂಡ್ ಕೆನಾಲ್ ಡಾಕ್‌ನ ಆಫೀಸುಗಳಿಗೆ ಒಯ್ಯುತ್ತದೆ. ನಾನು ಸೇರಿದ್ದು ತರಕಾರಿ ಹೆಚ್ಚಲು. ಡಬ್ಬಿಗಳ ಲೆಕ್ಕ ನನ್ನ ಕೈಯಲ್ಲಿ ತಪ್ಪುವುದಿಲ್ಲ ಎಂದು ಕಂಡು ಮಾಲೀಕರು ನನ್ನನ್ನು ಸಂಬಳದ ಕಂಪ್ಯೂಟರಿನ ಮುಂದೆ ಕೂರಿಸಿದರು. ನಾನು ಓದಿದ್ದು ಹತ್ತನೇ ತರಗತಿ, ಅದರಲ್ಲೂ ಇಂಗ್ಲಿಷನ್ನು ಎರಡನೇ ಸಲ ಕಟ್ಟಿ ಪಾಸಾದವಳು. ಹೊರಗಿನಿಂದ ಬರುವ ಐರಿಷ್ ಅಕೌಂಟೆಂಟ್ ಹೆಂಗಸು ಪಕ್ಕದಲ್ಲಿ ಕೂತು ಒಂದೊಂದೇ ತೋರಿಸಿಕೊಟ್ಟರು. ನಾನು ಏನು ಮಾಡಿ ತೋರಿಸಿದರೂ ಅವರು ಮೊದಲು 'ಗ್ರ್ಯಾಂಡ್' ಎನ್ನುವರು, ಇಲ್ಲಿಯವರ ಬಾಯಲ್ಲಿ ಅದಕ್ಕೆ ಸರಿ ಎಂದಷ್ಟೇ ಅರ್ಥ, ಆಮೇಲೆ ತಪ್ಪು ಎಲ್ಲಿದೆ ಎಂದು ಬೆರಳಿಡುವರು.

ನಮ್ಮ ಮಾಲೀಕರು ಮೈಸೂರಿನವರು. ಮುಂಚೆ ಇಂಗ್ಲೆಂಡಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು. ಹೊಸಬರು ಬಂದಾಗಲೆಲ್ಲ 'ಟ್ಯಾಕ್ಸ್ ಕೋಡ್ ಹಾಕಿದ್ರಾ?' ಎಂದು ಕೇಳುತ್ತಾರೆ. ಕೋಡು ಎನ್ನುವುದು ಅಲ್ಲಿಯ ಪದ್ಧತಿ. ಐರ್ಲೆಂಡಿನಲ್ಲಿ ನಾವು ಕೈಯಾರೆ ಹಾಕುವ ಕೋಡು ಇಲ್ಲ. ಸರ್ಕಾರ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆಯಾದ ಪಿಪಿಎಸ್ ನಂಬರು ಮತ್ತು ಹೊಸಬರು ಸೇರಿದ ದಿನವನ್ನು ಸಂಬಳದ ಸಾಫ್ಟ್‌ವೇರಿಗೆ ಕೊಟ್ಟು ತೆರಿಗೆ ಇಲಾಖೆಯನ್ನು ಕೇಳಬೇಕು. ಅಲ್ಲಿಂದ ಆ ವ್ಯಕ್ತಿಯ ಹೆಸರಿಗೆ ಒಂದು ಸೂಚನೆ ಬರುತ್ತದೆ: ಇಷ್ಟು ಸಂಬಳದವರೆಗೆ ಕಡಿಮೆ ದರ ಹಾಕಿ, ಲೆಕ್ಕ ಹಾಕಿದ ತೆರಿಗೆಯಲ್ಲಿ ಇಷ್ಟನ್ನು ಕ್ರೆಡಿಟ್ ಎಂದು ಬಿಡಿ ಎಂದು. ಸೂಚನೆಯೇ ಬರದಿದ್ದರೆ ಎಮರ್ಜೆನ್ಸಿ ಟ್ಯಾಕ್ಸ್ ಬೀಳುತ್ತದೆ, ಅಂದರೆ ಯಾವ ರಿಯಾಯಿತಿಯೂ ಇಲ್ಲದೆ ಕತ್ತರಿಸಿಬಿಡುತ್ತದೆ. ಸೂಚನೆ ಬಂದು ಅದರಲ್ಲಿ ಸೊನ್ನೆ ಇದ್ದರೆ ಅದು ಬೇರೆ ಕಥೆ. ಆ ವ್ಯಕ್ತಿಯ ಕ್ರೆಡಿಟ್ಟನ್ನೆಲ್ಲ ಬೇರೆ ಯಾವುದೋ ಕೆಲಸ ಹಿಡಿದುಕೊಂಡಿದೆ ಎಂದು ಅರ್ಥ. ಆ ಕೆಲಸ ಎಲ್ಲಿಯದು ಎಂದು ನಮಗೆ ತಿಳಿಸುವುದಿಲ್ಲ.

ಶುರುವಿನಲ್ಲಿ ನಾನೊಮ್ಮೆ ಎಡವಿದ್ದೆ. ಮೇನೂತ್‌ನಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ವಾರದಲ್ಲಿ ಕೆಲವು ದಿನ ಡಬ್ಬಿ ತುಂಬಲು ಬರುತ್ತಿದ್ದಳು. ಸೂಚನೆಗೆ ಕಾಯದೆ ಅವಳ ಸಂಬಳದ ಲೆಕ್ಕ ಓಡಿಸಿದೆ, ಎಮರ್ಜೆನ್ಸಿ ಟ್ಯಾಕ್ಸ್ ಬಿತ್ತು. ಪೇಸ್ಲಿಪ್ ನೋಡಿದ ಹುಡುಗಿ ಅಳಲಿಲ್ಲ, ಜಗಳ ಮಾಡಲಿಲ್ಲ, ಮರುವಾರದಿಂದ ಬರಲೇ ಇಲ್ಲ. ಆಮೇಲೆ ನಾನು ಒಂದು ಪದ್ಧತಿ ಮಾಡಿಕೊಂಡೆ. ಹೊಸಬರು ಬಂದ ದಿನವೇ ಟೀ ಕೊಟ್ಟು ಕೂರಿಸುವುದು. ಈ ದೇಶದಲ್ಲಿ ಇದು ಮೊದಲ ಕೆಲಸವೇ, ಈಗ ಬೇರೆ ಎಲ್ಲಿಯಾದರೂ ದುಡಿಯುತ್ತಿದ್ದೀರಾ ಎಂದು ಕೇಳುವುದು. ಹಿಂದೆ ಎಲ್ಲಿಯಾದರೂ ಕೆಲಸ ಮಾಡಿದ್ದರೆ ಮುಖ್ಯವಾದ ಪ್ರಶ್ನೆ: 'ನೀವು ಬಿಟ್ಟಿರಿ ಸರಿ, ಅವರು ನಿಮ್ಮನ್ನು ಬಿಟ್ಟಿದ್ದಾರಾ?' ಹಿಂದಿನ ಕಡೆಯವರು ಕೊನೆಯ ದಿನವನ್ನು ಇಲಾಖೆಗೆ ತಿಳಿಸದಿದ್ದರೆ ಲೆಕ್ಕದಲ್ಲಿ ಆ ಕೆಲಸ ಇನ್ನೂ ನಡೆಯುತ್ತಲೇ ಇರುತ್ತದೆ, ಕ್ರೆಡಿಟ್ಟು ಅಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಚಪಾತಿ ಲಟ್ಟಿಸುವ ಕೋಲಾರದ ಹೆಂಗಸು ಇದನ್ನು ನೋಡಿ ಆಡಿಕೊಳ್ಳುವಳು. "ಅಕ್ಕನ ಇಂಟರ್‌ವ್ಯೂ ಮುಗೀತಾ? ಹೆಣ್ಣು ನೋಡೋಕೆ ಬಂದೋರೂ ಇಷ್ಟು ಕೇಳಲ್ಲ ಕಣಕ್ಕ."

ನನ್ನ ತಮ್ಮ ಅಡುಗೆಯವನು. ಪಶ್ಚಿಮ ತೀರದ ಒಂದು ಹೋಟೆಲಿನಲ್ಲಿ ವರ್ಕ್ ಪರ್ಮಿಟ್ ಮೇಲೆ ಬಂದು ದುಡಿಯುತ್ತಿದ್ದ. ಅಲ್ಲಿಯ ಹೋಟೆಲಿನವರು ಕೊಟ್ಟ ರೂಮಿನಲ್ಲೇ ಇದ್ದ. ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಇನ್ನೊಂದು ಆಫೀಸಿನ ಊಟದ ಕೆಲಸ ಸಿಕ್ಕಾಗ ನಮ್ಮ ಮಾಲೀಕರಿಗೆ ಕೈ ಪಳಗಿದವನೊಬ್ಬ ಬೇಕಾಯಿತು. ನಾನೇ ತಮ್ಮನ ಹೆಸರು ಹೇಳಿದೆ. ನಮ್ಮ ಅಡುಗೆಮನೆಯ ಹೆಸರಿಗೆ ಹೊಸ ಪರ್ಮಿಟ್ ಮಾಡಿಸಿ ಅವನನ್ನು ಕರೆಸಿಕೊಂಡರು. ಈ ಪರ್ಮಿಟ್ಟಿನ ಕಟ್ಟುಪಾಡು ಇಷ್ಟೇ: ಯಾರ ಹೆಸರಿನಲ್ಲಿದೆಯೋ ಅಲ್ಲಿ ಮಾತ್ರ ದುಡಿಯಬೇಕು. ಇನ್ನೊಂದು ಕಡೆ ಕೆಲಸ ಮಾಡಿದ್ದು ಗೊತ್ತಾದರೆ ಪರ್ಮಿಟ್ಟಿಗೇ ಸಂಚಕಾರ. ಅದು ಹೋದರೆ ಈ ದೇಶದಲ್ಲಿ ಇರುವ ಹಕ್ಕೂ ಹೋದ ಹಾಗೆ.

ಅವನು ಬಂದ ದಿನ ನಮ್ಮ ಮನೆಯ ಚಿಕ್ಕ ರೂಮು ಖಾಲಿ ಮಾಡಿ ಹಾಸಿಗೆ ಹಾಕಿದೆ. ಸೇರುವವರು ತುಂಬಬೇಕಾದ ಫಾರಮ್ಮನ್ನು ಒಲೆಯ ಮೇಲೆ ಹುಳಿ ಕುದಿಯುತ್ತಿರುವಾಗ ನಾನೇ ತುಂಬಿದೆ. ಪಿಪಿಎಸ್ ನಂಬರು ನನಗೆ ಬಾಯಿಪಾಠವಿತ್ತು, ಅವನು ದೇಶಕ್ಕೆ ಬಂದಾಗ ಅರ್ಜಿ ಹಾಕಿಸಿದ್ದು ನಾನೇ. ಹಿಂದಿನ ಕೆಲಸ ಮುಗಿದಿದೆಯೇ ಎಂದಿದ್ದ ಕಡೆ ಹೌದು ಎಂದು ಗುರುತು ಹಾಕಿದೆ. ಮನುಷ್ಯ ಇಲ್ಲೇ ನನ್ನ ಮನೆಯಲ್ಲಿ ಊಟ ಮಾಡುತ್ತಿದ್ದಾನೆ, ಮುಗಿಯದೆ ಏನು? ಅವನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಓದದೆ ಸಹಿ ಹಾಕಿದ. ಅಕ್ಕ ಕೊಟ್ಟ ಕಾಗದವನ್ನು ಓದಿ ನೋಡಿ ಸಹಿ ಹಾಕುವ ತಮ್ಮಂದಿರು ನಮ್ಮಲ್ಲಿ ಇಲ್ಲ.

ಮೊದಲ ಸಂಬಳಕ್ಕೆ ಮುಂಚೆ ಸೂಚನೆ ತರಿಸಿದೆ. ಬಂತು. ಸೊನ್ನೆ.

ನಂಬರು ತಪ್ಪಿರಬೇಕು ಎಂದು ನೋಡಿದೆ, ಸರಿಯಿತ್ತು. ಹುಟ್ಟಿದ ದಿನ ಸರಿಯಿತ್ತು, ಸೇರಿದ ದಿನ ಸರಿಯಿತ್ತು. ಒಬ್ಬ ಕೆಲಸಗಾರನಿಗೆ ನಾವು ಕೊಡುವ ಕ್ರಮಸಂಖ್ಯೆ ಇನ್ನೊಬ್ಬನದಕ್ಕೆ ಹೊಂದಿಕೊಂಡರೂ ಎಡವಟ್ಟಾಗುತ್ತದೆ. ಅದೂ ಬೇರೆಯೇ ಇತ್ತು. ಮತ್ತೆ ತರಿಸಿದೆ, ಮತ್ತೆ ಸೊನ್ನೆ. ಇಲಾಖೆ ಕೊಟ್ಟದ್ದನ್ನು ನಾವು ಬದಲಾಯಿಸುವ ಹಾಗಿಲ್ಲ. ಬಂದ ಹಾಗೆಯೇ ಸಂಬಳ ಓಡಿಸಿದೆ. ಬೇರೆಯವರಾಗಿದ್ದರೆ ಆ ಹೊತ್ತಿಗೇ ಅವರನ್ನು ಕರೆದು ಎರಡನೇ ಟೀ ಕೊಡುತ್ತಿದ್ದೆ.

ಕರೆಯಲಿಲ್ಲ ಯಾಕೆಂದರೆ ಆ ಕ್ಷಣದಲ್ಲಿ ನನಗೆ ಹಳೆಯದೊಂದು ನೆನಪಾಯಿತು. ಬೆಂಗಳೂರಿನಲ್ಲಿ ತಮ್ಮ ಮೆಜೆಸ್ಟಿಕ್ ಹತ್ತಿರದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅಲ್ಲಿ ಬಿಟ್ಟ ಮೇಲೂ ಮನೆಯಲ್ಲಿ ಹೇಳದೆ ಎಷ್ಟೋ ದಿನ ಬೆಳಗ್ಗೆ ತಿಂಡಿ ತಿಂದು, ಇಸ್ತ್ರಿ ಶರ್ಟು ಹಾಕಿಕೊಂಡು ಹೊರಟು ಸಂಜೆ ಬರುತ್ತಿದ್ದ. ಅಮ್ಮ ಅವನ ಶರ್ಟಿಗೆ ಇಸ್ತ್ರಿ ಹಾಕುತ್ತಲೇ ಇದ್ದಳು. ಮುಖದಲ್ಲಿ ಒಂದು ಗೆರೆ ಅಲುಗಾಡದ ಹಾಗೆ ಸುಳ್ಳು ನಡೆಸಬಲ್ಲವನು. ಆಗ ಕೆಲಸ ಇಲ್ಲದಿದ್ದಾಗ ಇದೆ ಎಂದು ತೋರಿಸಿದ್ದ. ಈಗ ಇರುವ ಕೆಲಸವನ್ನು ಇಲ್ಲ ಎಂದು ತೋರಿಸುತ್ತಿರಬೇಕು ಎಂದು ನನ್ನ ಮನಸ್ಸು ತಾನಾಗಿಯೇ ಜೋಡಿಸಿಕೊಂಡಿತು.

ಪೇಸ್ಲಿಪ್ ಕೈಗೆ ಕೊಟ್ಟಾಗ ಅವನ ಮುಖ ನೋಡಿದೆ. ಕೆಳಗಿನ ಸಾಲಿನವರೆಗೂ ನೋಡಿದ, ಮಡಚಿ ಜೇಬಿಗಿಟ್ಟ, "ಅಕ್ಕ, ನಾಳೆಗೆ ಕಡಲೆ ನೆನೆ ಹಾಕಿದಾರಾ?" ಎಂದ. ಅಷ್ಟು ಕತ್ತರಿಸಿದ್ದನ್ನು ನೋಡಿ ಯಾರಾದರೂ ಕಡಲೆ ವಿಚಾರ ಕೇಳುತ್ತಾರೆಯೇ? ಕೇಳಬೇಕಾದವನು ಕೇಳುತ್ತಿಲ್ಲ ಎಂದರೆ ಕಾರಣ ಅವನಿಗೆ ಗೊತ್ತಿದೆ. ಹೀಗೆ ತರ್ಕ ಮಾಡಿದೆ.

ಅಲ್ಲಿಂದ ಮುಂದೆ ಮನೆಯಲ್ಲಿ ನಾನು ಅಕ್ಕನಾಗಿ ಉಳಿಯಲಿಲ್ಲ. ಅವನು ಕೆಲಸ ಮುಗಿಸಿ ಬಂದು ಸ್ನಾನ ಮಾಡಿ ಕೆಲವು ಸಂಜೆ ಹೊರಗೆ ಹೋಗುವನು. ಎಲ್ಲಿಗೆ ಎಂದರೆ "ಸುಮ್ನೆ ಹಿಂಗೇ ಸುತ್ತಾಡ್ಕೊಂಡು ಬರ್ತೀನಿ" ಎನ್ನುವನು. ಬಸ್ಸಿನ ಕಾರ್ಡು ತೆಗೆದುಕೊಂಡು ಹೋಗುತ್ತಾನೆ. ಸುಮ್ಮನೆ ಸುತ್ತಾಡಲು ಬಸ್ಸು ಯಾಕೆ? ಫೋನನ್ನು ಮೇಜಿನ ಮೇಲೆ ಬೋರಲು ಇಡುತ್ತಾನೆ. ನಾನು ರೂಮಿಗೆ ಹೋದರೆ ಮಾತು ನಿಲ್ಲಿಸುತ್ತಾನೆ. ವಾಪಸು ಬಂದಾಗ ಊಟ ಬೇಡ ಎನ್ನುತ್ತಾನೆ. ನಮ್ಮವರಿಗೆ ಹೇಳಿದರೆ ಅವರು ಟಿವಿಯಿಂದ ಕಣ್ಣು ತೆಗೆಯದೆ ವಯಸ್ಸಿನ ಹುಡುಗ, ಯಾರೋ ಹುಡುಗಿ ಇರಬೇಕು, ಬಿಡು ಎಂದರು. ಇಲ್ಲೇ ಹುಟ್ಟಿದ ಮಗಳನ್ನು ಮಾಮನ ಹತ್ತಿರ ಕಳಿಸಿ ಕೇಳಿಸಿದೆ. ಅವಳು ಮೆಟ್ಟಿಲ ಮೇಲಿನಿಂದಲೇ "ಹಿ ಈಸ್ ಗ್ರ್ಯಾಂಡ್, ಮಮ್" ಎಂದು ಕೂಗಿ ಬಾಗಿಲು ಹಾಕಿಕೊಂಡಳು.

ಹುಡುಗಿಯ ವಿಚಾರ ಅಲ್ಲ ಎಂದು ನನಗೆ ತೀರ್ಮಾನ ಕೊಟ್ಟದ್ದು ಅವನ ಜಾಕೆಟ್ಟು. ಬಾಗಿಲ ಹಿಂದೆ ನೇತುಹಾಕಿದ್ದನ್ನು ಒಗೆಯಲು ತೆಗೆದುಕೊಂಡೆ. ಘಮ್ಮೆಂದು ಸಾಸಿವೆ ಎಣ್ಣೆಯ ಘಾಟು, ಅದರ ಜೊತೆಗೆ ಹುರಿದ ಮೀನು. ನಮ್ಮ ಮನೆಯಲ್ಲಾಗಲಿ ನಮ್ಮ ಅಡುಗೆಮನೆಯಲ್ಲಾಗಲಿ ಸಾಸಿವೆ ಎಣ್ಣೆ ಮುಟ್ಟುವುದಿಲ್ಲ, ಮೀನಂತೂ ಒಳಗೆ ಬರುವುದೇ ಇಲ್ಲ. ಅಡುಗೆಮನೆಯಲ್ಲಿ ದುಡಿದವರಿಗೆ ಗೊತ್ತು: ಹೋಟೆಲಿನಲ್ಲಿ ಕೂತು ತಿಂದು ಬಂದರೆ ವಾಸನೆ ಬಟ್ಟೆಯ ಮೇಲ್ಮೈಯಲ್ಲಿರುತ್ತದೆ. ಒಲೆಯ ಹತ್ತಿರ ಹೊತ್ತುಗಟ್ಟಲೆ ಇದ್ದರೆ ಹೊಲಿಗೆಯೊಳಗೆ ಇಳಿಯುತ್ತದೆ. ಇದು ಹೊಲಿಗೆಯೊಳಗೆ ಇಳಿದಿತ್ತು. ಯಾವುದೋ ಬಂಗಾಳಿ ಹೋಟೆಲಿನ ಒಲೆ ಎಂದು ನಾನು ನಿರ್ಧರಿಸಿದೆ. ಜಾಕೆಟ್ಟನ್ನು ಒಗೆಯದೆ ಇದ್ದ ಹಾಗೆಯೇ ನೇತುಹಾಕಿದೆ, ನಾನು ಮುಟ್ಟಿದ್ದು ಅವನಿಗೆ ತಿಳಿಯಬಾರದು ಎಂದು.

ಅದೇ ಹೊತ್ತಿಗೆ ಬೇರೆ ಅಡುಗೆಮನೆಗಳಿಗೆ ಇನ್‌ಸ್ಪೆಕ್ಟರುಗಳು ಬಂದು ಪರ್ಮಿಟ್ಟು, ಪೇಸ್ಲಿಪ್ಪು ಎಲ್ಲ ಕೇಳಿ ಹೋದರು ಎಂಬ ಸುದ್ದಿ ಹಬ್ಬಿತು. ಮಾಲೀಕರು ಹಿಟ್ಟು ಕಲಸುವ ಯಂತ್ರದ ಹತ್ತಿರ ನಿಂತು, ನಮ್ಮ ಕಡೆ ಎಲ್ಲ ಸರಿಯಾಗಿದೆ ತಾನೆ ಎಂದು ನನ್ನನ್ನು ಕೇಳಿದರು. ಯಂತ್ರ ತಿರುಗುತ್ತಿತ್ತು, ಜೋರಾಗಿ ಮಾತಾಡಬೇಕಿತ್ತು. ನನಗೆ ಅಲ್ಲಿ ಎರಡು ದಾರಿಯಿತ್ತು. ಒಂದನ್ನು ಸರಿಪಡಿಸುವುದಿದೆ, ನಾಳೆ ಹೇಳುತ್ತೇನೆ ಎನ್ನಬಹುದಿತ್ತು. ನಾನು ಹಾಗೆನ್ನಲಿಲ್ಲ. ಎಲ್ಲಾದರೂ ಸಿಕ್ಕಿಬಿದ್ದರೆ ಸಂಬಳದ ಕೆಲಸ ಮಾಡುವ ಅಕ್ಕನೇ ತಮ್ಮನನ್ನು ಮುಚ್ಚಿಟ್ಟಳು ಎನ್ನುತ್ತಾರೆ, ನನ್ನ ಹೆಸರು ಇದರಲ್ಲಿ ಬರುವುದು ಬೇಡ ಎಂದು ಯೋಚಿಸಿದೆ. "ಸರ್, ನನ್ ತಮ್ಮ ಇನ್ನೊಂದು ಕಡೆ ಕೆಲಸ ಮಾಡ್ತಾ ಇದಾನೆ ಅನ್ಸುತ್ತೆ" ಎಂದೆ. ಅನ್ಸುತ್ತೆ ಎಂದೆನಾದರೂ ಜೊತೆಗೆ ಸೊನ್ನೆಯ ವಿಚಾರವನ್ನೂ ಸಂಜೆಗಳ ವಿಚಾರವನ್ನೂ ಜಾಕೆಟ್ಟಿನ ವಿಚಾರವನ್ನೂ ಬಂಗಾಳಿ ಹೋಟೆಲಿನ ವಿಚಾರವನ್ನೂ ಹೇಳಿದೆ.

ಮಾಲೀಕರ ಮುಖ ಬಿಳಿಚಿಕೊಂಡಿತು. ವಿಚಾರ ತಿಳಿಯುವವರೆಗೆ ಅವನನ್ನು ಕೆಲಸಕ್ಕೆ ಕರೆಯುವುದು ಬೇಡ, ನಿಜವಾಗಿದ್ದರೆ ತಾವೇ ಪರ್ಮಿಟ್ ಆಫೀಸಿಗೆ ತಿಳಿಸಬೇಕಾಗುತ್ತದೆ, ಇಲ್ಲವಾದರೆ ಅಡುಗೆಮನೆಗೇ ಬೀಗ ಎಂದರು. ಅಂದೇ ಅವನ ಹೆಸರನ್ನು ಡ್ಯೂಟಿ ಪಟ್ಟಿಯಿಂದ ತೆಗೆದರು. ಅವನಿಗೆ ಅವರು ಹೇಳಿದ್ದು ಇಷ್ಟು: ನಿನ್ನ ತೆರಿಗೆಯಲ್ಲಿ ಏನೋ ತೊಡಕಿದೆ, ಬಗೆಹರಿಯುವವರೆಗೆ ಮನೆಯಲ್ಲಿರು.

ಅವನು ಮನೆಯಲ್ಲಿದ್ದ. ನಾನು ಕೆಲಸದಿಂದ ಬರುವ ಹೊತ್ತಿಗೆ ಅಡುಗೆ ಮಾಡಿಟ್ಟಿರುವನು, ಪಾತ್ರೆ ತೊಳೆದಿರುವನು. ಸಂಜೆ ಹೊರಗೆ ಹೋಗುವುದು ನಿಂತಿತು. ಅದನ್ನೂ ನಾನು ಅನುಮಾನದ ತಕ್ಕಡಿಗೇ ಹಾಕಿದೆ. ಗುಟ್ಟು ಬಯಲಾಯಿತೆಂದು ಆ ಹೋಟೆಲಿಗೆ ಹೋಗುವುದನ್ನು ಬಿಟ್ಟಿದ್ದಾನೆ ಎಂದುಕೊಂಡೆ. ಅವನು ಹೋದರೂ ತಪ್ಪಿತಸ್ಥ, ಹೋಗದಿದ್ದರೂ ತಪ್ಪಿತಸ್ಥ. ಅವನು ಬಡಿಸಿದ ಅನ್ನ ತಿನ್ನುತ್ತಾ ಹೀಗೆ ಯೋಚಿಸುತ್ತಿದ್ದೆ.

ಮುಂದಿನ ಸಂಬಳದ ತಯಾರಿಗೆ ಅಕೌಂಟೆಂಟ್ ಫೋನ್ ಮಾಡಿದರು. ಅವನ ಹೆಸರಿನ ಮುಂದೆ ಕೆಲಸದ ಗಂಟೆಗಳೇ ಇಲ್ಲವಲ್ಲ ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಈ ಸಲ ಅವರು ಗ್ರ್ಯಾಂಡ್ ಎನ್ನಲಿಲ್ಲ. ಸೊನ್ನೆ ಎಂದರೆ ಇನ್ನೊಂದು ಕೆಲಸ ಇದೆ ಎಂದೇ ಆಗಬೇಕಿಲ್ಲ, ಹಳೆಯದು ಮುಗಿದಿಲ್ಲ ಎಂದೂ ಆಗಬಹುದು, ಬೇರೆ ಹೊಸಬರ ವಿಚಾರದಲ್ಲಿ ಇದನ್ನು ನೀನೇ ಎಷ್ಟು ಸಲ ಹೇಳಿಲ್ಲ ಎಂದರು. ಆಮೇಲೆ ತಮ್ಮನನ್ನು ಕೇಳಿದೆಯಾ ಎಂದರು. ಇಲ್ಲ ಎಂದೆ. ಸಿಟ್ಟಾಗಲಿಲ್ಲ. ಕೇಳಿ ಮತ್ತೆ ಫೋನ್ ಮಾಡು ಎಂದರು ಅಷ್ಟೇ.

ಭಾನುವಾರ ಬೆಳಗ್ಗೆ ನಮ್ಮವರು ಮಗಳನ್ನು ಕರೆದುಕೊಂಡು ಈಜಿಗೆ ಹೋಗಿದ್ದರು. ನಾನು ಟೀ ಮಾಡಿ ತಮ್ಮನನ್ನು ಮೇಜಿನ ಎದುರಿಗೆ ಕೂರಿಸಿದೆ. ಎಲ್ಲ ಹೊಸಬರನ್ನೂ ಕೇಳುವ ದನಿಯಲ್ಲೇ ಕೇಳಿದೆ.

"ಹೋಟೆಲಿನೋರು ನಿನ್ನ ಬಿಟ್ಟಿದಾರೇನೋ?"

ಅವನು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದ. "ಈಗ ಕೇಳ್ತಿದೀಯಾ?"

"ಹೇಳು."

"ಎಲ್ಲಿ ಬಿಟ್ಟಿದಾರೆ? ರಜೆ ದುಡ್ಡು ಬಾಕಿ ಐತೆ, ಅದು ಕೊಡೋವರ್ಗೂ ಹೆಸ್ರು ತೆಗೆಯಲ್ಲ ಅಂದಿದ್ರು. ಬರೋವಾಗ್ಲೇ ಹೇಳಿದ್ರು. ನೀನು ಅದನ್ನೆಲ್ಲ ನೋಡ್ಕೊಂಡಿರ್ತೀಯ ಅನ್ಕೊಂಡೆ. ಫಾರಂ ನೀನೇ ತುಂಬಿದ್ಯಲ್ಲ."

ಉಳಿದದ್ದನ್ನು ಅವನೇ ಹೇಳಿದ. ಮೊದಲ ಪೇಸ್ಲಿಪ್ ನೋಡಿದಾಗಲೇ ಅವನಿಗೆ ಎಲ್ಲೋ ತಪ್ಪಾಗಿದೆ ಎಂದು ಗೊತ್ತಾಗಿತ್ತು. ಆ ತಪ್ಪು ನನ್ನದು ಎಂದುಕೊಂಡ. ಹತ್ತನೇ ಕ್ಲಾಸು ಓದಿದ ಅಕ್ಕ ಕಂಪ್ಯೂಟರಿನಲ್ಲಿ ಏನೋ ಎಡವಿದ್ದಾಳೆ, ಬಾಯಿ ಬಿಟ್ಟರೆ ಮಾಲೀಕರ ಮುಂದೆ ಅವಳ ಹೆಸರು ಕೆಡುತ್ತದೆ ಎಂದುಕೊಂಡು ಕಡಲೆಯ ಮಾತು ತೆಗೆದಿದ್ದ. ಮೇನೂತ್‌ನಲ್ಲಿ ಅವನ ಸ್ನೇಹಿತನೊಬ್ಬ ಸಂಶೋಧನೆ ಮಾಡುತ್ತಿದ್ದಾನೆ, ತುಮಕೂರಿನ ಹುಡುಗ. ಇಲಾಖೆಯ ವೆಬ್‌ಸೈಟಿನಲ್ಲಿ ತನ್ನದೇ ಖಾತೆ ತೆರೆದು ಕ್ರೆಡಿಟ್ಟನ್ನು ಹೊಸ ಕೆಲಸಕ್ಕೆ ತಿರುಗಿಸಿಕೊಳ್ಳಬಹುದು ಎಂದು ಅವನು ಹೇಳಿದ್ದನಂತೆ. ಅದಕ್ಕಾಗಿ ಸಂಜೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದ. ಇಬ್ಬರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದದ್ದು ಆ ಮನೆಯ ಅಡುಗೆಕೋಣೆಯಲ್ಲಿ. ಮನೆಯಲ್ಲಿ ಬೇರೆ ಜಾಗವಿಲ್ಲ. ಅಲ್ಲಿ ಕೋಲ್ಕತ್ತಾದ ಇಬ್ಬರು ಹುಡುಗರಿದ್ದಾರೆ, ದಿನಾ ಸಂಜೆ ಮೀನು ಹುರಿಯುತ್ತಾರೆ, ಇವನಿಗೂ ಬಡಿಸುತ್ತಾರೆ. ಎಷ್ಟು ಹೋದರೂ ಕೆಲಸ ಆಗಿರಲಿಲ್ಲ. ಖಾತೆಯ ಗುರುತು ಖಚಿತಪಡಿಸುವ ಕಾಗದ ಹಳೆಯ ಹೋಟೆಲು ರೂಮಿನ ವಿಳಾಸಕ್ಕೇ ಹೋಗುತ್ತಿತ್ತು. ಅಲ್ಲಿಂದ ಅದನ್ನು ಕಳಿಸುವವರು ಯಾರೂ ಇರಲಿಲ್ಲ.

ಟೀ ಆರಿಹೋಗಿತ್ತು. ಅವನು ಕೇಳಿದ, "ನನ್ ವಿಷ್ಯ ಸರ್‌ಗೆ ಯಾರು ಹೇಳಿದ್ದು?"

"ಕಂಪ್ಯೂಟರಲ್ಲಿ ಬಂತು" ಎಂದೆ.

ಇದು ನನ್ನ ಎರಡನೇ ತಪ್ಪು. ಮೊದಲನೆಯದಕ್ಕಿಂತ ದೊಡ್ಡದು, ಯಾಕೆಂದರೆ ಈ ಸಲ ನನಗೆ ಎಲ್ಲ ಗೊತ್ತಿತ್ತು. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಅನುಮಾನ ಪಡುವ ಸರದಿ ಈಗ ಅವನದಾಗಿತ್ತು. ಅವನು ಅದನ್ನು ನನ್ನಷ್ಟು ಕೆಟ್ಟದಾಗಿ ಮಾಡಲಿಲ್ಲ.

ಮರುದಿನ ಬೆಳಗ್ಗೆ ಡಬ್ಬಿಗಳು ಹೊರಟ ಮೇಲೆ ಹೋಟೆಲಿಗೆ ಫೋನ್ ಮಾಡಿದೆ. ಸಂಬಳ ನೋಡುತ್ತಿದ್ದವರು ಕೆಲಸ ಬಿಟ್ಟಿದ್ದರು. ಹೊಸಬರು ಅವನ ಹೆಸರು ಹುಡುಕಿ, ಹೌದು, ನಮ್ಮ ಲೆಕ್ಕದಲ್ಲಿ ಇನ್ನೂ ಇದ್ದಾನೆ, ಸಂಬಳ ಮಾತ್ರ ಹೋಗುತ್ತಿಲ್ಲ, ರಜೆಯ ದುಡ್ಡನ್ನು ತಿಂಗಳ ಸಂಬಳದ ಜೊತೆ ಹಾಕಿ ಕೊನೆಯ ದಿನವನ್ನು ಆಗಲೇ ಕಳಿಸುತ್ತೇವೆ ಎಂದರು. ಅಲ್ಲಿಯವರೆಗೆ ಕಾಯಬಹುದಿತ್ತು. ಆದರೆ ಮಾಲೀಕರು ಅಲ್ಲಿಯವರೆಗೆ ಕಾಯುತ್ತಾರೆಂಬ ಭರವಸೆ ನನಗಿರಲಿಲ್ಲ. ಪರ್ಮಿಟ್ ಆಫೀಸಿಗೆ ಪತ್ರ ಬರೆಯಲೇ ಬೇಡವೇ ಎಂದು ಅವರು ಆಗಲೇ ಒಂದೆರಡು ಸಲ ಕೇಳಿದ್ದರು. ಅಂಥ ಪತ್ರ ಒಮ್ಮೆ ಹೋದರೆ ಹಿಂದಕ್ಕೆ ತರುವುದು ನನ್ನ ಕೈಲಿಲ್ಲ.

ಕಂಪ್ಯೂಟರಿನ ಮುಂದೆ ಇನ್ನೊಂದು ದಾರಿಯೂ ಇತ್ತು. ಹೇಳಬಾರದು, ಆದರೂ ಹೇಳುತ್ತೇನೆ. ಅವನ ಹೆಸರನ್ನು ಅಳಿಸಿ ಹೊಸ ಕ್ರಮಸಂಖ್ಯೆಯಲ್ಲಿ ಮತ್ತೆ ಸೇರಿಸಿದರೆ ಸೊನ್ನೆ ಹೋದೀತು ಎಂದು ಬೆರಳು ಅತ್ತ ಹೋಯಿತು. ಹಾಗೆ ಮಾಡಿದರೆ ಇಲಾಖೆಯ ಲೆಕ್ಕದಲ್ಲಿ ಅವನಿಗೆ ಮೂರನೆಯದೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಕೈ ತೆಗೆದೆ. ಎದ್ದು ಮಾಲೀಕರ ಹತ್ತಿರ ಹೋದೆ.

ಅವರು ವ್ಯಾನಿನ ಚಾಲಕನೊಂದಿಗೆ ಮಾತಾಡುತ್ತಿದ್ದರು, ನಿಂತುಕೊಂಡೆ. ಮುಗಿದ ಮೇಲೆ, ಸರ್, ನಾನು ಹೇಳಿದ್ದು ಸುಳ್ಳು, ಅವನಿಗೆ ಬೇರೆ ಕೆಲಸ ಇಲ್ಲ, ಹಳೆಯ ಕಡೆಯವರು ಹೆಸರು ತೆಗೆದಿಲ್ಲ ಅಷ್ಟೇ, ಅದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು ಎಂದೆ. ಅವರು ಸುಲಭಕ್ಕೆ ಒಪ್ಪಲಿಲ್ಲ. ಈಗ ತಮ್ಮನನ್ನು ಉಳಿಸಿಕೊಳ್ಳಲು ಹೀಗೆ ಹೇಳುತ್ತಿಲ್ಲ ಎಂದು ಏನು ಖಾತ್ರಿ ಎಂದು ನೇರವಾಗಿಯೇ ಕೇಳಿದರು. ಆ ಮಾತು ನನಗೆ ನ್ಯಾಯವಾಗಿಯೇ ಕಂಡಿತು. ಅವರೆದುರಿಗೇ ಹೋಟೆಲಿಗೆ ಮತ್ತೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಮಾಲೀಕರೇ ಮಾತಾಡಿದರು. ಒಬ್ಬ ಮಾಲೀಕ ಇನ್ನೊಂದು ಕಡೆಯವರ ಜೊತೆ ಮಾತಾಡಿದಾಗ ಕೆಲಸ ಬೇಗ ಆಗುತ್ತದೆ. ಕೊನೆಯ ದಿನವನ್ನು ಈ ವಾರವೇ ತಿದ್ದುಪಡಿಯಾಗಿ ಕಳಿಸುತ್ತೇವೆ, ರಜೆಯ ದುಡ್ಡು ಆಮೇಲೆ ನೋಡೋಣ ಎಂದು ಹೋಟೆಲಿನವರು ಒಪ್ಪಿದರು.

ಅವರು ಕಳಿಸಿದ ಕೊನೆಯ ದಿನವೂ ಮೊದಲು ತಪ್ಪಾಗಿತ್ತು. ನಮ್ಮಲ್ಲಿ ಸೇರಿದ ದಿನಕ್ಕಿಂತ ಆಮೇಲಿನ, ಇನ್ನೂ ಬರದ ತಾರೀಖು ಹಾಕಿದ್ದರು. ಅದರಿಂದ ಸೂಚನೆ ಮತ್ತೆ ಸೊನ್ನೆಯಾಗಿಯೇ ಬಂತು, ಮಾಲೀಕರ ಹುಬ್ಬು ಮತ್ತೆ ಮೇಲೆ ಹೋಯಿತು. ಇನ್ನೊಮ್ಮೆ ಫೋನ್ ಮಾಡಿ ದಿನವನ್ನು ಒಂದೊಂದೇ ಅಂಕಿ ಹೇಳಿ ಬರೆಸಿದೆ. ಇತ್ತ ತಮ್ಮನ ವಿಳಾಸವನ್ನು ನಮ್ಮ ಮನೆಗೆ ಬದಲಾಯಿಸುವುದಕ್ಕೆ ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಇಲಾಖೆಗೆ ಫೋನ್ ಮಾಡಿಸಿದೆ. ಅವರು ಕೇಳಿದ ಪ್ರಶ್ನೆಗಳಿಗೆಲ್ಲ ಅವನೇ ಉತ್ತರ ಕೊಟ್ಟ. ಗೊತ್ತಿದ್ದದ್ದು ಬಾಯಿಗೆ ಬಂದರೂ ನಾನು ತುಟಿ ಬಿಚ್ಚಲಿಲ್ಲ.

ಸಂಬಳ ಓಡಿಸುವ ಬೆಳಗ್ಗೆ, ಓಡಿಸುವುದಕ್ಕೆ ಮುಂಚೆ, ಸೂಚನೆಯನ್ನು ಮತ್ತೊಮ್ಮೆ ತರಿಸಿದೆ. ಹಳೆಯದನ್ನು ನಂಬಿ ಕೂರಬಾರದು, ಅದು ಯಾವಾಗ ಬೇಕಾದರೂ ಬದಲಾಗುತ್ತದೆ. ಅವನ ಹೆಸರಿನ ಮುಂದೆ ಸೊನ್ನೆ ಇರಲಿಲ್ಲ. ಕ್ರೆಡಿಟ್ಟು ಪೂರ್ತಿಯಾಗಿ ನಮ್ಮ ಕಡೆಗೆ ಬಂದಿತ್ತು. ವರ್ಷದ ಶುರುವಿನಿಂದ ಒಟ್ಟಾಗಿ ಲೆಕ್ಕ ಹಾಕುವ ಸೂಚನೆ ಅದು. ಹೆಚ್ಚಿಗೆ ಕತ್ತರಿಸಿದ್ದು ಆ ಸಂಬಳದಲ್ಲೇ ತಾನಾಗಿ ವಾಪಸು ಬಂತು. ಪರದೆಯ ಮೇಲೆ ಎಲ್ಲ ನೇರವಾಯಿತು. ಅಕೌಂಟೆಂಟ್ ನೋಡಿ ಗ್ರ್ಯಾಂಡ್ ಎಂದರು, ಆಮೇಲೆ ಯಾವ ತಪ್ಪಿಗೂ ಬೆರಳಿಡಲಿಲ್ಲ.

ನನಗೆ ಅಷ್ಟಕ್ಕೇ ಮುಗಿಯಿತು ಎನ್ನಿಸಿತ್ತು. ಮಾಲೀಕರು ಅವನ ಹೆಸರನ್ನು ಪಟ್ಟಿಗೆ ಸೇರಿಸಿದ್ದರು, ಪತ್ರದ ಮಾತು ಬಿಟ್ಟಿದ್ದರು. ತಮ್ಮನಿಗೆ ಯಾರು ಹೇಳಿದರು ಎನ್ನುವುದು ಇನ್ನು ತಿಳಿಯಬೇಕಾಗಿಲ್ಲ ಎಂದುಕೊಂಡು ಅವನ ಜೊತೆಯಲ್ಲೇ ಕೆಲಸಕ್ಕೆ ಹೊರಟೆ. ದಾರಿಯುದ್ದಕ್ಕೂ ಅವನು ಮೇನೂತ್‌ನ ಹುಡುಗರು ಮೀನಿಗೆ ಹಾಕುವ ಮಸಾಲೆ ಹೇಳಿಕೊಡುತ್ತಿದ್ದ.

ಏಪ್ರನ್ ಕಟ್ಟಿಕೊಂಡು ಅವನು ಒಳಗೆ ಬಂದದ್ದೇ ತಡ, ಚಪಾತಿಯ ಹೆಂಗಸು ಲಟ್ಟಣಿಗೆ ನಿಲ್ಲಿಸಿ ನಕ್ಕಳು.

"ಬಂದ್ರಪ್ಪ ಎರಡು ಕೆಲ್ಸದ ಸಾಹೇಬ್ರು. ಬಂಗಾಳಿ ಹೋಟ್ಲಲ್ಲಿ ಸಂಬ್ಳ ಜಾಸ್ತಿನೋ, ಇಲ್ಲಿ ಜಾಸ್ತಿನೋ?"

ಅನ್ನ ಬಸಿಯುತ್ತಿದ್ದವರು, ಡಬ್ಬಿ ತುಂಬುತ್ತಿದ್ದವರು ಎಲ್ಲ ನಕ್ಕರು. ಅವಳು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹಿಟ್ಟಿನ ಯಂತ್ರದ ಹತ್ತಿರ ನಾನು ಅಂದು ಕೂಗಿ ಹೇಳಿದ್ದು ಎಲ್ಲರ ಕಿವಿಗೂ ಬಿದ್ದಿತ್ತು. ತಮ್ಮ ನಗಲಿಲ್ಲ. ಬಂಗಾಳಿ ಹೋಟೆಲು ಎಂಬ ಮಾತನ್ನು ಅವನು ಹಿಡಿದುಕೊಂಡಿದ್ದ. ಮೀನಿನ ವಾಸನೆ ಕಂಪ್ಯೂಟರಿನಲ್ಲಿ ಬರುವುದಿಲ್ಲ. ಅವನು ಕೋಸಿನ ಗಡ್ಡೆಯನ್ನು ಹಲಗೆಯ ಮೇಲಿಟ್ಟು, ಚಾಕು ಹಿಡಿದುಕೊಂಡು, ಹೆಚ್ಚದೆ, ನನ್ನ ಕಡೆಗೆ ತಿರುಗಿದ. ಮೆಜೆಸ್ಟಿಕ್ಕಿನ ಕೆಲಸದ ವಿಚಾರ ಬಯಲಾದ ದಿನ ಅಮ್ಮ ಅವನನ್ನು ನೋಡಿದ್ದು ಹಾಗೆಯೇ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು.

ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯಿತು ಎನ್ನುವ ವಾಡಿಕೆ ಇಲ್ಲ. ಅಪ್ಪ ಹೊಡೆದು ತಪ್ಪು ತಿಳಿದರೆ ಸಂಜೆಗೆ ಜಿಲೇಬಿ ತರುತ್ತಿದ್ದ. ನನಗೂ ಮನೆಗೆ ಹೋಗಿ ಅವನಿಗೆ ಇಷ್ಟವಾದದ್ದೇನಾದರೂ ಮಾಡಿ ಬಡಿಸಿಬಿಡೋಣ ಅನ್ನಿಸಿತು. ಆದರೆ ಅವನ ಹೆಸರು ಕೆಡಿಸಿದ್ದು ಇಲ್ಲಿ, ಇವರೆಲ್ಲ ಕೇಳುವ ಹಾಗೆ. ಯಂತ್ರ ಹಿಟ್ಟು ಕಲಸುತ್ತಿತ್ತು. ಹೋಗಿ ಅದನ್ನು ಆರಿಸಿದೆ. ಎಲ್ಲರ ಕೈಯೂ ನಿಂತಿತು. ನಾನು ಅವನ ಹಲಗೆಯ ಎದುರಿಗೆ ಬಂದು ನಿಂತೆ.

"ಸರ್‌ಗೆ ಹೇಳಿದ್ದು ನಾನು ಕಣೋ. ಕಂಪ್ಯೂಟರಲ್ಲ. ಎಲ್ಲರನ್ನೂ ಕೇಳೋ ಒಂದ್ ಮಾತು ನಿನ್ನ ಕೇಳ್ಲಿಲ್ಲ, ಕೇಳ್ದೇನೇ ಕಳ್ಳ ಅಂದೆ. ತಪ್ಪಾಯ್ತು. ನನ್ನ ಕ್ಷಮಿಸ್ಬಿಡೋ."